ಅಕ್ಕನ ಮಗಳು ಕಡಲ ಭೂವಿಜ್ಞಾನ ಓದ್ತಾಳಂತೆ. ಮಂಡ್ಯದವರಿಗೆ ಅದು ಯಾಕೆ?

ಸೋದರಮಾವ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ಕೊನೇ ವರ್ಷ ಓದುತ್ತಿದ್ದಾಳೆ. ಜಿಯಾಲಜಿ ಅವಳ ವಿಷಯ. ಮೊನ್ನೆ ಹಬ್ಬಕ್ಕೆ ಊರಿಗೆ ಬಂದವಳು ಊಟಕ್ಕೆ ಕೂತಾಗ ಮೆಲ್ಲಗೆ ಬಾಯಿ ಬಿಟ್ಟಳು. ಮುಂದೆ ಎಂ.ಎಸ್ಸಿ. ಮರೈನ್ ಜಿಯಾಲಜಿ ಮಾಡುತ್ತಾಳಂತೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಇದೆಯಂತೆ.

ಭಾವ ತಲೆ ಎತ್ತಲಿಲ್ಲ. ಅಮ್ಮ ಏನೂ ಹೇಳದೆ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ದೊಡ್ಡಪ್ಪ ಮಾತ್ರ ಬಿಡಲಿಲ್ಲ. "ಊರ ಕೆರೆ ಈಜೋಕೆ ಬರಲ್ಲ, ಕಡಲ ತಳ ನೋಡ್ತಾಳಂತೆ. ಮಂಡ್ಯಕ್ಕೂ ಕಡಲಿಗೂ ಏನವ್ವಾ ಸಂಬಂಧ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಬೇಜಾರಾಯಿತು. ನನಗೂ ಇದರ ತಲೆಬುಡ ಗೊತ್ತಿಲ್ಲ. ಬಲ್ಲವರು ಇದ್ದರೆ ಹೇಳಿ. ಇದು ಏನು ಓದು, ಯಾಕೆ ಬೇಕು?

ಸುಮ್ನೆ ಕೇಳ್ದೆ

ನಿಮ್ಮ ದೊಡ್ಡಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಮಂಗಳೂರು ಇಲ್ಲಿಂದ ಘಟ್ಟ ಇಳಿದು ಇನ್ನೂರೈವತ್ತು ಕಿಲೋಮೀಟರ್. ಬಿ.ಇಡಿ. ಮಾಡಿಸಿ, ಊರಲ್ಲೇ ಇರುತ್ತಾಳೆ.

ಹಳೇ ಮೇಷ್ಟ್ರು, ಮೈಸೂರು

ಮೂವತ್ತು ವರ್ಷ ಜಿಯಾಲಜಿ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದವಾದರೆ ಬೇಸರ ಮಾಡ್ಕೋಬೇಡಿ.

ಮೊದಲು ದೊಡ್ಡಪ್ಪನವರಿಗೆ ಉತ್ತರ. ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಎಲ್ಲಿದೆ ಗೊತ್ತಾ? ಹೈದರಾಬಾದಿನಲ್ಲಿ. ಅಲ್ಲಿ ಯಾವ ಕಡಲಿದೆ? ಹುಸೇನ್ ಸಾಗರ ಒಂದಿದೆ, ಅದೂ ಕೆರೆ.

ಈಗ ವಿಷಯ. ಮರೈನ್ ಜಿಯಾಲಜಿ ಅಂದರೆ ಮೀನಿನ ಓದಲ್ಲ, ಅಲೆಯ ಓದೂ ಅಲ್ಲ. ಕಡಲ ನೀರನ್ನೆಲ್ಲ ಬಸಿದುಬಿಟ್ಟರೆ ಕೆಳಗೆ ಏನು ಉಳಿಯುತ್ತದೋ ಅದರ ಓದು. ದಡದಿಂದ ಹೊರಟರೆ ಮೊದಲು ಸಿಗುವುದು ಒಂದು ಜಗಲಿ. ಇಳಿಜಾರು ಗೊತ್ತೇ ಆಗುವುದಿಲ್ಲ, ಆಳ ಇನ್ನೂರು ಮೀಟರ್ ಒಳಗೇ. 20,000 ವರ್ಷದ ಹಿಂದೆ ಹಿಮಯುಗದಲ್ಲಿ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಈ ಜಗಲಿಯ ಬಹುಪಾಲು ಒಣ ನೆಲ. ಜಗಲಿ ಮುಗಿದ ಕಡೆ ಘಟ್ಟ ಇಳಿದ ಹಾಗೆ ತಳ ಕುಸಿಯುತ್ತದೆ. ಆಮೇಲೆ ನಾಲ್ಕೈದು ಕಿಲೋಮೀಟರ್ ಆಳದಲ್ಲಿ ಬಯಲು. ಆ ಬಯಲಿನ ನಡುವೆ ಬೆಟ್ಟಸಾಲು. ಎಲ್ಲ ಸಾಗರಗಳನ್ನೂ ಸುತ್ತಿ ಬರುವ ಈ ಸಾಲಿನ ಉದ್ದ ಸುಮಾರು 65,000 ಕಿಲೋಮೀಟರ್. ಹಿಮಾಲಯ ಇದರ ಮುಂದೆ ಒಂದು ತುಣುಕು.

ಈ ಬೆಟ್ಟಸಾಲೇ ಕಥೆಯ ನಾಯಕ. ಅದರ ನೆತ್ತಿ ಬಿರಿದಿದೆ. ಬಿರುಕಿನಿಂದ ಕರಗಿದ ಕಲ್ಲು ಮೇಲೆ ಬಂದು ತಣ್ಣಗಾಗಿ ಹೊಸ ತಳ ಆಗುತ್ತದೆ. ಹಳೆಯದನ್ನು ಎರಡೂ ಪಕ್ಕಕ್ಕೆ ಸರಿಸುತ್ತದೆ. ಅಟ್ಲಾಂಟಿಕ್‌ನಲ್ಲಿ ವರ್ಷಕ್ಕೆ ಎರಡು-ಮೂರು ಸೆಂಟಿಮೀಟರ್. ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಆಳುದ್ದ. ಇದನ್ನು 1962ರಲ್ಲಿ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ಬರೆದಾಗ ಜಾಸ್ತಿ ಜನ ಒಪ್ಪಲಿಲ್ಲ. ಮರುವರ್ಷ ಬ್ರಿಟನ್ನಿನ ವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಸಾಕ್ಷಿ ತೋರಿಸಿದರು. ಭೂಮಿಯ ಕಾಂತತ್ವದ ದಿಕ್ಕು ಕಾಲಕಾಲಕ್ಕೆ ತಿರುಗುಮುರುಗಾದದ್ದು ತಳದ ಕಲ್ಲಿನಲ್ಲಿ ಪಟ್ಟೆಪಟ್ಟೆಯಾಗಿ ಉಳಿದಿತ್ತು. ಬೆಟ್ಟಸಾಲಿನ ಎಡಕ್ಕೆ ಹೇಗೋ ಬಲಕ್ಕೂ ಹಾಗೇ. ಸೀರೆಯ ಎರಡು ಅಂಚಿನ ಹಾಗೆ.

ಹೊಸದು ಹುಟ್ಟುತ್ತಿದ್ದರೆ ಹಳೆಯದು ಎಲ್ಲೋ ಮುಳುಗಬೇಕಲ್ವಾ? ಆಳವಾದ ಕಂದಕಗಳಲ್ಲಿ ಅದು ಭೂಮಿಯೊಳಗೆ ವಾಪಸ್ ಹೋಗುತ್ತದೆ. ಹಾಗಾಗಿ ಕಡಲ ತಳ ಯಾವಾಗಲೂ ಎಳೆಯದು. ಪೆಸಿಫಿಕ್‌ನ ಪಶ್ಚಿಮದಲ್ಲಿರುವ ಬಹಳ ಹಳೆಯ ತಳಕ್ಕೂ 18 ಕೋಟಿ ವರ್ಷ ಅಷ್ಟೇ. ನಮ್ಮ ಮೈಸೂರು-ಮಂಡ್ಯ ಸೀಮೆಯ ನೈಸ್ (ಭೂಮಿಯೊಳಗೆ ಬೆಂದು ಪಟ್ಟೆಪಟ್ಟೆಯಾದ ಕಲ್ಲು) ಬಂಡೆಗೆ 300 ಕೋಟಿ ವರ್ಷ! ನೀವು ರಾಗಿ ಒಣಗಿಸುವ ಬಂಡೆ ಕಡಲ ತಳಕ್ಕೆ ಮುತ್ತಜ್ಜನ ಮುತ್ತಜ್ಜ.

ಕಬ್ಬಿನಗದ್ದೆ

ಮೇಷ್ಟ್ರೇ, ಬಂಡೆ ವಿಷಯ ಚೆನ್ನಾಗಿದೆ. ಆದರೆ ನಮ್ಮ ಬಂಡೆ ಬೇರೆ, ಕಡಲ ತಳ ಬೇರೆ ಅಂತ ನೀವೇ ಹೇಳಿದ ಹಾಗಾಯ್ತು. ದೊಡ್ಡಪ್ಪ ಗೆದ್ದರು.

ಹಳೇ ಮೇಷ್ಟ್ರು, ಮೈಸೂರು

ಅವಸರ ಮಾಡಬೇಡಿ. ನಿಮ್ಮ ಗದ್ದೆಯಿಂದಲೇ ಬರೋಣ. ಕಬ್ಬಿಗೆ ಡಿಎಪಿ ಗೊಬ್ಬರ ಹಾಕುತ್ತೀರಾ? ಅದರಲ್ಲಿರುವ ರಂಜಕ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಕಲ್ಲಿನಿಂದ ತೆಗೆದದ್ದು. ಲೋಕದ ರಂಜಕದ ಕಲ್ಲಿನಲ್ಲಿ ಜಾಸ್ತಿ ಪಾಲು ಹಳೇ ಕಡಲ ತಳದ ಕೆಸರು. ಸತ್ತ ಜೀವಿಗಳ ಮೂಳೆ, ಹಲ್ಲು, ಹಿಕ್ಕೆ ಎಲ್ಲ ಕೂತು ಗಟ್ಟಿಯಾದದ್ದು. ಅತಿ ದೊಡ್ಡ ನಿಕ್ಷೇಪ ಮೊರಾಕೊದಲ್ಲಿದೆ. ಅಲ್ಲಿನ ಗಣಿಗಳಲ್ಲಿ ಶಾರ್ಕ್ ಹಲ್ಲು ರಾಶಿರಾಶಿ ಸಿಗುತ್ತವೆ. ಭಾರತ ಅಲ್ಲಿಂದಲೂ ತರಿಸುತ್ತದೆ. ಅಂದರೆ ಆರೇಳು ಕೋಟಿ ವರ್ಷ ಹಿಂದಿನ ಶಾರ್ಕು ನಿಮ್ಮ ಕಬ್ಬಿನ ಬುಡದಲ್ಲಿದೆ.

ಇನ್ನೊಂದು. ಎಲೆ ಅಡಿಕೆ ಹಾಕುವವರು ಸುಣ್ಣ ಹಚ್ಚುತ್ತೀರಲ್ಲ? ಕಪ್ಪೆಚಿಪ್ಪು ಸುಟ್ಟರೂ ಸುಣ್ಣ, ಸುಣ್ಣಕಲ್ಲು ಸುಟ್ಟರೂ ಸುಣ್ಣ. ಯಾಕೆಂದರೆ ಸುಣ್ಣಕಲ್ಲು ಬಹುಪಾಲು ಹಳೇ ಕಡಲಿನ ಚಿಪ್ಪುಗಳ ರಾಶಿಯೇ. ಕೆಆರ್‌ಎಸ್ ಕಟ್ಟಿದ್ದು ಸಿಮೆಂಟಿನಲ್ಲಲ್ಲ, ಸುರ್ಕಿ ಗಾರೆಯಲ್ಲಿ. ಅದರಲ್ಲಿ ಸುಣ್ಣ ಇಲ್ಲದೆ ಇದ್ದರೆ ಕಟ್ಟೆಯೇ ಇಲ್ಲ.

ಮತ್ತೆ, ನಮ್ಮ ಬಂಡೆ ಬೇರೆ ಅಂತ ನಾನು ಪೂರ್ತಿ ಹೇಳಲಿಲ್ಲ. ಸರಗೂರಿನ ಕಡೆಯ ಬಂಡೆಗಳಿಗೆ ನಮ್ಮ ಶಾಸ್ತ್ರದಲ್ಲಿ "ಸರಗೂರು ಗುಂಪು" ಎಂಬ ಹೆಸರೇ ಇದೆ. ಅದರಲ್ಲಿ ಅಮೃತಶಿಲೆ ಇದೆ, ಕ್ವಾರ್ಟ್‌ಜೈಟ್ ಇದೆ. ಒಂದು ಕಾಲಕ್ಕೆ ಅವು ನೀರಿನ ತಳದಲ್ಲಿ ಕೂತ ಸುಣ್ಣ ಮತ್ತು ಮರಳು. ಭೂಮಿಯೊಳಗೆ ಬೆಂದು, ಮಡಚಿ, ಈಗ ಗುರುತು ಸಿಗದ ಹಾಗಾಗಿವೆ.

ಗುರುತು ಚೆನ್ನಾಗಿ ಸಿಗಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ. ದಿಂಬು ಜೋಡಿಸಿಟ್ಟ ಹಾಗೆ ಕಲ್ಲು. ಆಲೆಮನೆಯಲ್ಲಿ ಪಾಕ ಬಂತಾ ಅಂತ ನೋಡಲು ಒಂದು ತೊಟ್ಟು ತಣ್ಣೀರಿಗೆ ಬಿಡುತ್ತೀರಲ್ಲ? ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಉಂಡೆಯಾಗಿ ಕೂರುತ್ತದೆ. ಅದೇ ಕೆಲಸ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ಹೀಗೆ ದಿಂಬು ದಿಂಬಾಯಿತು. ಇವತ್ತು ಕಡಲ ನಡುವಿನ ಬೆಟ್ಟಸಾಲಿನಲ್ಲೂ ಲಾವಾ ಇದೇ ಆಕಾರದಲ್ಲಿ ಉಕ್ಕುತ್ತಿದೆ. ಹಿರಿಯೂರು, ಚಿತ್ರದುರ್ಗದ ಬಿಸಿಲಲ್ಲಿ ನಿಂತು ಕಡಲ ತಳ ನೋಡಬಹುದು. ಈಜು ಬರಬೇಕಾಗಿಲ್ಲ.

ಕಬ್ಬಿನಗದ್ದೆ

ಪಾಕದ ಮಾತು ತಲೆಗೆ ಹೋಯ್ತು ಮೇಷ್ಟ್ರೇ. ಇನ್ನು ಮೇಲೆ ಡಿಎಪಿ ಚೀಲ ಬಿಚ್ಚುವಾಗ ಶಾರ್ಕ್ ನೆನಪಾಗುತ್ತೆ.

ನಕ್ಷೆಗಾರ್ತಿ

ಇಷ್ಟೆಲ್ಲ ಬರೆದ ಮೇಷ್ಟ್ರು ಒಂದು ಹೆಸರು ಬಿಟ್ಟರು. ಗಂಡಸರು ಬಿಡುವುದೇ ಹಾಗೆ, ಪರವಾಗಿಲ್ಲ. ಮೇರಿ ಥಾರ್ಪ್.

1950ರ ಸುಮಾರಿಗೆ ಅಮೆರಿಕದಲ್ಲಿ ಹೆಂಗಸರನ್ನು ಸಂಶೋಧನೆ ಹಡಗಿಗೆ ಹತ್ತಿಸುತ್ತಿರಲಿಲ್ಲ. ಮೇರಿಯ ಜೊತೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಹಡಗಿನಲ್ಲಿ ಹೋಗಿ ಆಳದ ಅಂಕಿ ತರುತ್ತಿದ್ದರು. ಮೇರಿ ಮೇಜಿನ ಮುಂದೆ ಕೂತು ಆ ಅಂಕಿಗಳಿಂದ ಶಾಯಿಯಲ್ಲಿ ತಳದ ಚಿತ್ರ ಬರೆಯುತ್ತಿದ್ದರು. ಅಟ್ಲಾಂಟಿಕ್ ಬೆಟ್ಟಸಾಲಿನ ನೆತ್ತಿಯ ಮೇಲೆ ಒಂದು ಕಣಿವೆ ಇರುವುದು ಅವರ ಕಣ್ಣಿಗೆ ಮೊದಲು ಬಿತ್ತು. ತಳ ಅಲ್ಲಿ ಬಿರಿದಿದೆ ಎಂದರು. ಹೀಜನ್ ಅದನ್ನು "ಹುಡುಗಿಯರ ಹರಟೆ" ಎಂದು ತಳ್ಳಿಹಾಕಿದರಂತೆ. ಆಮೇಲೆ ಅದೇ ಸಾಲಿನಲ್ಲಿ ಭೂಕಂಪದ ಚುಕ್ಕೆಗಳನ್ನಿಟ್ಟು ನೋಡಿದರೆ, ಚುಕ್ಕೆಗಳೆಲ್ಲ ಕಣಿವೆಯೊಳಗೇ ಬಿದ್ದಿದ್ದವು. ಇಬ್ಬರೂ ಸೇರಿ ಮಾಡಿದ ಇಡೀ ಲೋಕದ ಕಡಲ ತಳದ ನಕ್ಷೆ ಬಂದದ್ದು 1977ರಲ್ಲಿ.

ಅಂಕಿ ಹೇಗೆ ಬರುತ್ತಿತ್ತು ಅನ್ನುವುದೂ ಚಂದದ ವಿಷಯ. 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನವರು ಹಗ್ಗಕ್ಕೆ ಭಾರ ಕಟ್ಟಿ ಬಿಡುತ್ತಿದ್ದರು. ನಮ್ಮ ಬಾವಿ ಆಳ ನೋಡುವ ಹಾಗೆ. ಮರಿಯಾನಾ ಕಂದಕದಲ್ಲಿ ಹಗ್ಗ ಎಂಟು ಕಿಲೋಮೀಟರ್ ದಾಟಿ ಇಳಿಯಿತು. ಈಗ ಹಡಗಿನ ಅಡಿಯಿಂದ ಶಬ್ದ ಬಿಡುತ್ತಾರೆ. ಉಪ್ಪುನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಮಾರ್ದನಿ ಆರು ಸೆಕೆಂಡಿಗೆ ವಾಪಸ್ ಬಂದರೆ ಆಳ ನಾಲ್ಕೂವರೆ ಕಿಲೋಮೀಟರ್. ಹೀಗೆ ನಿಜವಾಗಿ ಅಳೆದಿರುವುದು ಇಡೀ ಕಡಲ ತಳದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದು ಉಪಗ್ರಹದಿಂದ ನೋಡಿ ಮಾಡಿದ ಅಂದಾಜು. ಹುಡುಗಿಗೆ ಕೆಲಸ ಬಾಕಿ ಇದೆ ಅಂತ ದೊಡ್ಡಪ್ಪನಿಗೆ ಹೇಳಿ.

ಸುಮ್ನೆ ಕೇಳ್ದೆ

ಅಕ್ಕಾ, ಅಮೆರಿಕದ ಕಥೆ ಸರಿ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಹಡಗಿಗೆ ಕಳಿಸುತ್ತಾರಾ?

ನಕ್ಷೆಗಾರ್ತಿ

1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋದರು. ಸಾಗರ ವಿಜ್ಞಾನಿ ಅದಿತಿ ಪಂತ್, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ನೀವು ಆಗ ಹುಟ್ಟಿದ್ರಾ?

ಸುಮ್ನೆ ಕೇಳ್ದೆ

ಸುಮ್ನೆ ಕೇಳ್ದೆ.

ಕೊಣಾಜೆ ಗುಡ್ಡ

ನಾನು ಪಾಂಡವಪುರದವನು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಇದೇ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಮನೆಯಲ್ಲೂ ಇದೇ ಮಾತಾಗಿತ್ತು.

ನನ್ನ ಇಷ್ಟದ ಭಾಗ ಕೆಸರು. ನಗಬೇಡಿ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ತಳದ ಕೆಸರನ್ನು ಕದಡದೆ ಎತ್ತುತ್ತಾರೆ. ಬಾಳೆದಿಂಡು ತೆಗೆದ ಹಾಗೆ ಬರುತ್ತದೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಅದನ್ನು ಉದ್ದಕ್ಕೆ ಸೀಳಿ, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಜರಡಿಯಲ್ಲಿ ತೊಳೆಯಬೇಕು. ಉಳಿಯುವುದು ರವೆಯಷ್ಟು ಸಣ್ಣ ಚಿಪ್ಪುಗಳು. ಒಂದೇ ಕೋಶದ ಕಡಲ ಜೀವಿಗಳವು. ಫೊರಾಮಿನಿಫೆರಾ ಅಂತ ಹೆಸರು, ನಾವು ಫೊರಾಮ್ ಅನ್ನುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಕುಂಚದ ತುದಿಯಿಂದ ಆರಿಸಬೇಕು. ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ. ಕತ್ತು ನೋವು ಗ್ಯಾರಂಟಿ.

ಇದರಿಂದ ಏನು ಸಿಗುತ್ತದೆ? ಮಳೆ ಸಿಗುತ್ತದೆ. ನೈಋತ್ಯ ಮುಂಗಾರಿನ ಗಾಳಿ ಜೋರಾದ ವರ್ಷ ಅರಬ್ಬಿ ಸಮುದ್ರದ ಪಶ್ಚಿಮದಲ್ಲಿ, ಒಮಾನ್ ಕಡೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಆ ತಣ್ಣೀರನ್ನು ಇಷ್ಟಪಡುವ ಒಂದು ಜಾತಿಯ ಫೊರಾಮ್ ಆಗ ಹೆಚ್ಚುತ್ತದೆ. ಕೆಸರಿನ ಯಾವ ಪದರದಲ್ಲಿ ಅದು ಜಾಸ್ತಿಯೋ ಆ ಕಾಲದಲ್ಲಿ ಮುಂಗಾರಿನ ಗಾಳಿ ಜೋರು. ಚಿಪ್ಪಿನಲ್ಲಿರುವ ಆಮ್ಲಜನಕದ ಎರಡು ಬಗೆಗಳ ಲೆಕ್ಕ ಹಾಕಿದರೆ ನೀರಿನ ಬಿಸಿ, ಉಪ್ಪಿನ ಅಂದಾಜೂ ಸಿಗುತ್ತದೆ. ಹೀಗೆ ಲಕ್ಷಾಂತರ ವರ್ಷದ ಮಳೆಗಾಲವನ್ನು ಹಿಂದಕ್ಕೆ ಓದಬಹುದು. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಬಂದದ್ದು ಇಂಥ ಕೆಲಸಕ್ಕೇ.

ಈಗ ಹೇಳಿ. ಜುಲೈ ಬಂದರೆ ಮಂಡ್ಯದಲ್ಲಿ ಬೆಳಿಗ್ಗೆ ಎದ್ದು ಎಲ್ಲರೂ ಮೊದಲು ನೋಡುವುದೇನು? ಕೆಆರ್‌ಎಸ್ ಮಟ್ಟ. 124.80 ಅಡಿ ಮುಟ್ಟುತ್ತಾ ಇಲ್ಲವಾ. ಅಣೆಕಟ್ಟೆಯ ದಾಖಲೆ ಸುಮಾರು ನೂರು ವರ್ಷದ್ದು, ಅಷ್ಟೇ. ಅದಕ್ಕೂ ಹಿಂದಿನ ಬರಗಾಲದ ಲೆಕ್ಕ ಬೇಕು ಅಂದರೆ ಕಡಲ ಕೆಸರನ್ನೂ ಕೇಳಬೇಕು.

ಕಬ್ಬಿನಗದ್ದೆ

ತಮ್ಮಾ, ಇದನ್ನು ಮೊದಲೇ ಹೇಳಬಾರದಿತ್ತಾ? ನಮ್ಮ ಕಾವೇರಿ ಮಣ್ಣೂ ಆ ಬಂಗಾಳ ಕೊಲ್ಲಿ ತಳಕ್ಕೇ ಹೋಗಿ ಕೂರುತ್ತಲ್ಲ?

ಹಳೇ ಮೇಷ್ಟ್ರು, ಮೈಸೂರು

ಹೋಗುತ್ತದೆ, ಆದರೆ ಜಂಬ ಬೇಡ. ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದದ ಕೆಸರಿನ ಬೀಸಣಿಗೆ ಇದೆ, ಶ್ರೀಲಂಕಾ ದಾಟಿ ದಕ್ಷಿಣಕ್ಕೆ. ಲೋಕದಲ್ಲೇ ದೊಡ್ಡದು. ಅದು ಮುಖ್ಯವಾಗಿ ಗಂಗಾ-ಬ್ರಹ್ಮಪುತ್ರ ಹೊತ್ತು ತಂದ ಹಿಮಾಲಯ. ನಮ್ಮ ಕಾವೇರಿ ತಂಜಾವೂರಿನ ಮುಖಜ ಭೂಮಿ ಕಟ್ಟಿದಳು, ಅದರ ಮುಂದಿನ ಜಗಲಿಗೆ ಮಣ್ಣು ಹಾಕಿದಳು. ಆ ಮುಖಜ ಭೂಮಿ, ಜಗಲಿಗಳ ಅಡಿಯ ಹಳೇ ಕೆಸರಿನ ಪದರಗಳಲ್ಲೇ ಓಎನ್‌ಜಿಸಿಯವರು ಎಣ್ಣೆ, ಅನಿಲ ತೆಗೆಯುತ್ತಿರುವುದು. ಅದು ಇವತ್ತಿನ ಮಣ್ಣಲ್ಲ, ಕೋಟ್ಯಂತರ ವರ್ಷದ್ದು.

ಕುಂಭಕೋಣದ ಸೊಸೆ

ನಾನು ಶ್ರೀರಂಗಪಟ್ಟಣದವಳು. ಮದುವೆಯಾಗಿ ಬಂದದ್ದು ಕುಂಭಕೋಣಕ್ಕೆ. ತವರಿನ ಹೊಳೆಯೇ ಗಂಡನ ಮನೆಗೂ ಬರುತ್ತಾಳೆ, ನೀರು ಬಿಟ್ಟ ವರ್ಷ!

ಮಣ್ಣಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇಲ್ಲಿ ಕರಾವಳಿಯ ಹಳ್ಳಿಗಳಲ್ಲಿ ದಡ ಕೊರೆದು ಹೋಗುತ್ತದೆ ಎಂಬ ದೂರು ಇದ್ದೇ ಇದೆ. ಮರಳು ಕೆಆರ್‌ಎಸ್‌ನಲ್ಲಿ ನಿಲ್ಲುತ್ತದೆ, ಮೆಟ್ಟೂರಿನಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ಲಾರಿಗಳು ಹೊತ್ತೊಯ್ಯುತ್ತವೆ. ಹೊಳೆ ಮರಳು ತರದೆ ಇದ್ದರೆ ಕಡಲು ದಡದಿಂದಲೇ ತಗೊಳ್ಳುತ್ತದೆ. ನೀರಿನ ಜಗಳ ಎಲ್ಲರಿಗೂ ಗೊತ್ತು. ಮರಳಿನ ಲೆಕ್ಕ ಯಾರೂ ಕೇಳುವುದಿಲ್ಲ.

2004ರ ಡಿಸೆಂಬರ್ 26. ಭಾನುವಾರ. ನಾವು ಕಡಲಿಂದ ದೂರ ಇದ್ದೆವು, ಏನೂ ಆಗಲಿಲ್ಲ. ಮಾವನವರ ಕಡೆಯ ನೆಂಟರು ನಾಗಪಟ್ಟಿಣದಲ್ಲಿದ್ದರು. ಆ ಜಿಲ್ಲೆಯೊಂದರಲ್ಲೇ ಸುಮಾರು ಆರು ಸಾವಿರ ಜನ ಹೋದರು. ಭೂಕಂಪ ಆದದ್ದು ಬೆಳಿಗ್ಗೆ ಆರೂವರೆಗೆ, ಸುಮಾತ್ರಾ ಹತ್ತಿರ. ಅಲೆ ನಮ್ಮ ದಡಕ್ಕೆ ಬಂದದ್ದು ಅದಾಗಿ ಎರಡು ಗಂಟೆಗೂ ಜಾಸ್ತಿ ಹೊತ್ತು ಕಳೆದ ಮೇಲೆ. ಆ ಎರಡು ಗಂಟೆ ನಮಗೆ ಯಾರೂ ಏನೂ ಹೇಳಲಿಲ್ಲ. ಹೇಳುವ ವ್ಯವಸ್ಥೆಯೇ ಇರಲಿಲ್ಲ. ನಾನು ಇವತ್ತಿಗೂ ಯೋಚಿಸುವುದು ಅದನ್ನೇ.

ಹಳೇ ಮೇಷ್ಟ್ರು, ಮೈಸೂರು

ಅಮ್ಮಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಮೇಲೆ ಹೇಳಿದ ಕಂದಕ ಅಂದರೆ ಅದೇ. ಸುಮಾತ್ರಾದ ಪಕ್ಕದಲ್ಲಿ ನಮ್ಮ ಹಿಂದೂ ಮಹಾಸಾಗರದ ತಳ ಇನ್ನೊಂದು ಫಲಕದ, ಅಂದರೆ ಭೂಮಿಯ ಹೊರಚಿಪ್ಪಿನ ಇನ್ನೊಂದು ತುಂಡಿನ, ಅಡಿಗೆ ಇಳಿಯುತ್ತಿದೆ. ಇಳಿಯುವಾಗ ಕಚ್ಚಿಕೊಳ್ಳುತ್ತದೆ. ನೂರಾರು ವರ್ಷ ಬಿಗಿದು, ಒಂದು ದಿನ ಬಿಟ್ಟುಕೊಳ್ಳುತ್ತದೆ. ಆವತ್ತು 1,200 ಕಿಲೋಮೀಟರಿಗೂ ಉದ್ದಕ್ಕೆ ಬಿಟ್ಟುಕೊಂಡಿತು. ತೀವ್ರತೆ 9.1. ತಳ ಎದ್ದರೆ ಅದರ ಮೇಲಿನ ನೀರಷ್ಟೂ ಏಳುತ್ತದೆ.

ಹೈದರಾಬಾದಿನ ಕೇಂದ್ರ 2007ರಲ್ಲಿ ಶುರುವಾಯಿತು. ಕಡಲ ತಳದಲ್ಲಿ ನೀರಿನ ಒತ್ತಡ ಅಳೆಯುವ ಉಪಕರಣ ಕೂರಿಸಿದ್ದಾರೆ. ಅಲೆ ಮೇಲೆ ಹಾದುಹೋದರೆ ಅದಕ್ಕೆ ಗೊತ್ತಾಗುತ್ತದೆ. ಉಪಕರಣ ಎಲ್ಲಿಡಬೇಕು, ಯಾವ ಬಿರುಕು ಎಷ್ಟು ಅಪಾಯ, ಅಲೆ ಯಾವ ದಡಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ಇದಕ್ಕೆಲ್ಲ ತಳದ ನಕ್ಷೆ ಬೇಕು.

ಸುಮ್ನೆ ಕೇಳ್ದೆ

ಸರಿ, ಒಪ್ಪಿದೆ. ಆದರೆ ಸರ್ಕಾರ ದುಡ್ಡು ಸುರಿಯುತ್ತಿರುವುದು ಎಚ್ಚರಿಕೆಗೋ ಗಣಿಗೋ? ಕಡಲಲ್ಲಿ ಲೋಹದ ಉಂಡೆ ಇದೆಯಂತಲ್ಲ.

ಕೊಣಾಜೆ ಗುಡ್ಡ

ಎರಡಕ್ಕೂ ಇದೆ ಅಣ್ಣಾ. ಉಂಡೆ ನಿಜ. ಐದಾರು ಕಿಲೋಮೀಟರ್ ಆಳದ ಬಯಲಿನಲ್ಲಿ ಆಲೂಗಡ್ಡೆ ಚೆಲ್ಲಿದ ಹಾಗೆ ಬಿದ್ದಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇರುತ್ತದೆ. ಶಾರ್ಕ್ ಹಲ್ಲಿನ ಸುತ್ತಲೋ ಚಿಪ್ಪಿನ ಚೂರಿನ ಸುತ್ತಲೋ ಲೋಹ ಕೂತು ಬೆಳೆಯುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ನಮ್ಮ ಗವೇಷಣಿ ಹಡಗು ಮೊದಲ ಉಂಡೆ ಎತ್ತಿದ್ದು 1981ರ ಗಣರಾಜ್ಯೋತ್ಸವದ ದಿನ. ಈಗ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕುವ ಹಕ್ಕು ಭಾರತಕ್ಕಿದೆ. 2021ರಲ್ಲಿ ಒಪ್ಪಿಗೆಯಾದ ಆಳ ಸಾಗರ ಯೋಜನೆಗೆ 4,077 ಕೋಟಿ ರೂಪಾಯಿ. ಮೂವರು ಕೂತು 6,000 ಮೀಟರ್ ಇಳಿಯುವ ಮತ್ಸ್ಯ 6000 ಎಂಬ ವಾಹನ ಅದರದ್ದೇ ಭಾಗ.

ಎತ್ತಬೇಕಾ ಬೇಡವಾ ಅನ್ನುವುದು ಬೇರೆ ಮಾತು. ನನ್ನ ಅನುಮಾನ ಹೇಳುತ್ತೇನೆ. 1989ರಲ್ಲಿ ಪೆರು ದೇಶದ ಎದುರಿನ ಕಡಲ ತಳವನ್ನು ಜರ್ಮನಿಯ ವಿಜ್ಞಾನಿಗಳು ನೇಗಿಲಿನಂಥ ಸಾಧನ ಎಳೆದು ಉತ್ತರು, ಏನಾಗುತ್ತದೆ ನೋಡೋಣ ಅಂತ. 2015ರಲ್ಲಿ ಮತ್ತೆ ಹೋಗಿ ನೋಡಿದರೆ ಉತ್ತ ಸಾಲು ಹಾಗೇ ಇತ್ತು.

ಕಬ್ಬಿನಗದ್ದೆ

26 ವರ್ಷ ಸಾಲು ಹಾಗೇ ಇತ್ತಾ! ನಮ್ಮ ಗದ್ದೆಯಲ್ಲಿ ಎರಡು ಮಳೆಗೆ ಗುರುತು ಇರಲ್ಲ. ಅಷ್ಟು ನಿಧಾನದ ನೆಲಕ್ಕೆ ಯಂತ್ರ ಇಳಿಸುವ ಮುಂಚೆ ನೂರು ಸಲ ಯೋಚನೆ ಮಾಡಬೇಕು. ಹೊಳೆ ಮರಳು ತೆಗೆದು ಏನಾಯ್ತು ಅಂತ ನಾವು ಕಣ್ಣಾರೆ ನೋಡಿದ್ದೀವಿ.

ನಕ್ಷೆಗಾರ್ತಿ

ಇನ್ನೊಂದು ಉಪಯೋಗ ಸೇರಿಸಿ. ಖಂಡದಿಂದ ಖಂಡಕ್ಕೆ ಹೋಗುವ ಇಂಟರ್ನೆಟ್ ಶೇಕಡಾ 95ಕ್ಕೂ ಜಾಸ್ತಿ ಕಡಲಡಿಯ ತಂತಿಯಲ್ಲೇ ಹೋಗುತ್ತದೆ. 1929ರಲ್ಲಿ ಕೆನಡಾ ಎದುರು ಭೂಕಂಪವಾಗಿ 12 ಟೆಲಿಗ್ರಾಫ್ ತಂತಿ ತುಂಡಾದವು. ಹತ್ತಿರದವು ತಕ್ಷಣ, ದೂರದವು ಗಂಟೆಗಟ್ಟಲೆ ಆದ ಮೇಲೆ, ಒಂದಾದ ಮೇಲೊಂದು. ಯಾಕೆ? ತಳದಲ್ಲಿ ಕೆಸರಿನ ಪ್ರವಾಹ ಓಡುತ್ತಿತ್ತು. ತಂತಿ ಕಡಿದ ಹೊತ್ತು ನೋಡಿ ಅದರ ವೇಗವನ್ನೇ ಲೆಕ್ಕ ಹಾಕಿದರು. ಮೈಸೂರಿನಲ್ಲಿ ಕೂತು ಅಮೆರಿಕದವರ ಜೊತೆ ಮೀಟಿಂಗ್ ಮಾಡುವವರು ಇದನ್ನು ಓದಿಕೊಳ್ಳಬೇಕು.

ಸೋದರಮಾವ, ಮಂಡ್ಯ

ಎಲ್ಲರಿಗೂ ದೊಡ್ಡ ನಮಸ್ಕಾರ. ಪೂರ್ತಿ ಓದಿದೆ, ಅವಳಿಗೂ ಕಳಿಸಿದೆ. ಇನ್ನು ಭಾವನ ಪ್ರಶ್ನೆ ಒಂದೇ. ಕೆಲಸ?

ಕೊಣಾಜೆ ಗುಡ್ಡ

ಸುಳ್ಳು ಹೇಳಲ್ಲ ಅಣ್ಣಾ. ಕೆಲಸ ರಾಶಿ ಬಿದ್ದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಯುಪಿಎಸ್‌ಸಿ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಅವರ ಕಡಲ ವಿಭಾಗದ ಮುಖ್ಯ ಕಚೇರಿ ಮಂಗಳೂರಿನಲ್ಲೇ ಇದೆ. ಗೋವಾದಲ್ಲಿ ಎನ್‌ಐಒ (ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ), ಚೆನ್ನೈನಲ್ಲಿ ಎನ್‌ಐಒಟಿ (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ). ಅಲ್ಲಿ ಮೊದಲು ಪ್ರಾಜೆಕ್ಟ್ ಕೆಲಸ ಸಿಗಬಹುದು, ಕಾಯಂ ಆಗಲು ಪಿಎಚ್.ಡಿ. ಬೇಕಾಗುತ್ತದೆ. ಎಣ್ಣೆ ಕಂಪನಿ, ಬಂದರು ಹೂಳೆತ್ತುವವರು, ತಂತಿ ಹಾಕುವ ಮುಂಚೆ ಸರ್ವೆ ಮಾಡುವವರು ಕೂಡ ತಗೊಳ್ಳುತ್ತಾರೆ. ಹಡಗಿನ ಸರ್ವೆಗೆ ಹೋದರೆ ವಾಂತಿ ಮೊದಲ ಪಾಠ ಅಂತ ನಮ್ಮ ಸೀನಿಯರ್‌ಗಳು ಹೇಳುತ್ತಾರೆ.

ಬರುವ ಮುಂಚೆ ಒಂದು ಸಲ ಅವಳನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಕರಕೊಂಡು ಬನ್ನಿ. ಕಂಬ ನಿಲ್ಲಿಸಿದ ಹಾಗಿರುವ ಆ ಕಲ್ಲು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಗುವ ಹೊತ್ತಿನ ಲಾವಾ. ದೊಡ್ಡಪ್ಪನನ್ನೂ ಕರಕೊಂಡು ಬನ್ನಿ. ದೋಣಿಯಲ್ಲಿ ಹೋಗಬಹುದು, ಈಜು ಬೇಡ.

ಸೋದರಮಾವ, ಮಂಡ್ಯ

ಭಾನುವಾರ ಮಾತಾಡಿದೆವು. ಭಾವ ಅರ್ಜಿ ಹಾಕು ಅಂದರು. ದೊಡ್ಡಪ್ಪ ಇನ್ನೂ ಗೊಣಗುತ್ತಾರೆ, ಆದರೆ ಮಲ್ಪೆಗೆ ಯಾವಾಗ ಹೋಗೋದು ಅಂತ ಎರಡು ಸಲ ಕೇಳಿದರು.

ಅಮ್ಮ ಕೊನೆಗೂ ಬಾಯಿ ಬಿಟ್ಟರು. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಹಾಸ್ಟೆಲ್‌ನಲ್ಲಿ ಮುದ್ದೆ ಕೊಡ್ತಾರಾ?

ಕೊಣಾಜೆ ಗುಡ್ಡ

ಇಲ್ಲ ಅಣ್ಣಾ. ಕುಚ್ಚಲಕ್ಕಿ ಅನ್ನ. ಬರುವಾಗ ಎರಡು ಕೆಜಿ ರಾಗಿಹಿಟ್ಟು ಕಳಿಸಿ. ನಾಲ್ಕು ಕೆಜಿ ಆದರೆ ಇನ್ನೂ ಒಳ್ಳೆಯದು.